ಪೂಜೆಯ ಹೂವೂ ಜೀವದಯೆಯೂ

ಗಿಡಕ್ಕೆ ಜೀವವಿದೆ, ಹೂವು ಗಿಡದ ಅಂಗ. ಹಾಗಿರುವಾಗ ದೇವರಿಗೆಂದು ಹೂ ಕೊಯ್ಯುವುದು ಹಿಂಸೆಯಾಗುತ್ತದೆಯೇ? ಜೈನ ಆಚಾರ್ಯರು ನೂರಾರು ವರ್ಷ ಚರ್ಚಿಸಿದ ಪ್ರಶ್ನೆಯಿದು. ಮೂಡುಬಿದಿರೆ, ಅದರ ನೆರೆಯ ತೋಡಾರು ಮೊದಲಾದ ಊರುಗಳಲ್ಲಿ ಇದು ದಿನದ ಬದುಕಿಗೆ ಸೇರಿದ ಪ್ರಶ್ನೆಯೂ ಹೌದು. ಅಂಗಳದ ಸುತ್ತ ಕೇಪಳ, ದಾಸವಾಳ, ನಂದಿಬಟ್ಟಲು, ಅಬ್ಬಲಿಗೆ ಬೆಳೆಸುವ ಸೀಮೆಯಿದು. ಬಸದಿಯ ಪೂಜೆಗೂ ದೈವದ ಕೋಲಕ್ಕೂ ಇಲ್ಲಿ ಹೂ ಬೇಕು.

ಜೈನ ದರ್ಶನದ ಪ್ರಕಾರ ಗಿಡಮರಗಳು ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಗಳು. ಒಂದು ಶರೀರಕ್ಕೆ ಒಂದೇ ಜೀವವಿದ್ದರೆ ಅದು ಪ್ರತ್ಯೇಕ ವನಸ್ಪತಿ. ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿದ್ದರೆ ಸಾಧಾರಣ ವನಸ್ಪತಿ. ಜೀವಗಳನ್ನು ಇಂದ್ರಿಯ, ಕಾಯ ಮೊದಲಾದ 14 ಮಾರ್ಗಣೆಗಳಿಂದ, ಎಂದರೆ ಶೋಧದ ನೆಲೆಗಳಿಂದ, ಪರಿಶೀಲಿಸುವ ಷಟ್ಖಂಡಾಗಮ ಮತ್ತು ಅದಕ್ಕೆ ವೀರಸೇನರು ಬರೆದ ಧವಲಾ ಟೀಕೆ ತಾಳೆಗರಿಯಲ್ಲಿ ಉಳಿದುಬಂದದ್ದು ಮೂಡುಬಿದಿರೆಯಲ್ಲಿಯೇ. ಹೂವಿನ ವಿಷಯದಲ್ಲಿ ಎರಡು ಲೆಕ್ಕ ಕೂಡುತ್ತವೆ: ಗಿಡದ ಜೀವ ಒಂದು, ಎಸಳುಗಳ ನಡುವೆ ಅಡಗಿರುವ ಚಲಿಸುವ ತ್ರಸ ಜೀವಗಳು ಇನ್ನೊಂದು. ಎರಡನೆಯದೇ ಹೆಚ್ಚು ಗಂಭೀರ. ಅಣುವ್ರತ ತೊಟ್ಟ ಗೃಹಸ್ಥ ಗಿಡದಂಥ ಚಲಿಸದ ಸ್ಥಾವರ ಜೀವಗಳ ಹಿಂಸೆಯನ್ನು ಪೂರ್ತಿ ಬಿಡಲಾರ, ಆದರೆ ತ್ರಸ ಜೀವವನ್ನು ತಿಳಿದು ಕೊಲ್ಲುವಂತಿಲ್ಲ. ಮುನಿಗಳಿಗಾದರೋ ಒಂದು ಚಿಗುರು ಚಿವುಟುವುದೂ ಸಲ್ಲದು. ಅವರದು ದ್ರವ್ಯವಿಲ್ಲದ ಭಾವಪೂಜೆ.

ಗೃಹಸ್ಥನ ಅಷ್ಟದ್ರವ್ಯ ಪೂಜೆಯಲ್ಲಿ ಜಲ, ಗಂಧ, ಅಕ್ಷತೆಯ ನಂತರ ನಾಲ್ಕನೆಯದು ಪುಷ್ಪ. ಇದನ್ನು ಸಮರ್ಥಿಸುವವರು ಸಮಂತಭದ್ರ ಆಚಾರ್ಯರ ಸ್ವಯಂಭೂ ಸ್ತೋತ್ರದತ್ತ ಬೊಟ್ಟು ಮಾಡುತ್ತಾರೆ. ಜಿನನನ್ನು ಪೂಜಿಸುವಾಗ ತಗಲುವ ಅಲ್ಪ ದೋಷ ಪುಣ್ಯದ ರಾಶಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ವಿಷದ ಕಣವೊಂದು ತಣ್ಣನೆಯ ಕಡಲನ್ನು ಕೆಡಿಸಲಾರದು ಎಂಬುದು ವಾಸುಪೂಜ್ಯ ಸ್ತುತಿಯಲ್ಲಿ ಬರುವ ಅವರ ವಾದ. ವಾದ ಬಲವಾದದ್ದೇ. ಆದರೆ ಅದೊಂದನ್ನೇ ಹಿಡಿದರೆ ಬುಟ್ಟಿಗಟ್ಟಲೆ ಹೂ ಸುರಿಯುವುದಕ್ಕೂ ಅದೇ ಸಮರ್ಥನೆಯಾಗಿಬಿಡುತ್ತದೆ. ಇದಕ್ಕೆ ಕಡಿವಾಣ ಅವರದೇ ಎನಿಸಿದ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಫಲ ಕಡಿಮೆ, ಜೀವಹಾನಿ ಹೆಚ್ಚು ಎನ್ನುವಂಥವನ್ನು ಗೃಹಸ್ಥ ಬಿಡಬೇಕು ಎಂದು ಹೇಳುವ ಆ ಶ್ಲೋಕ ಹಸಿಶುಂಠಿ, ಬೆಣ್ಣೆಗಳ ಜೊತೆಗೆ ಎರಡು ಹೂಗಳನ್ನೂ ಹೆಸರಿಸುತ್ತದೆ: ಬೇವಿನ ಹೂ ಮತ್ತು ಕೇದಗೆ. ಅಲ್ಲಿನ ಸಂದರ್ಭ ಭೋಗೋಪಭೋಗದ ಮಿತಿಯೇ ಹೊರತು ಪೂಜೆಯಲ್ಲ, ನಿಜ. ಆದರೂ ಅಳತೆಗೋಲು ಪೂಜೆಗೂ ಒಪ್ಪುತ್ತದೆ. ಎರಡು ಮಾತನ್ನೂ ಕೂಡಿಸಿ ಓದುವುದೇ ಸರಿಯಾದ ಓದು. ಹೂ ಕೊಯ್ಯಬಹುದೇ ಎಂಬ ಪ್ರಶ್ನೆ ಆಗ ಯಾವ ಹೂ, ಎಷ್ಟು, ಎಷ್ಟು ಎಚ್ಚರದಿಂದ ಎಂಬುದಾಗಿ ಬದಲಾಗುತ್ತದೆ.

ಕರಾವಳಿಯ ತೋಡಿನ ಬದಿಯಲ್ಲಿ ಹಬ್ಬುವ ಕೇದಗೆಯ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಒತ್ತೊತ್ತಾದ ಅದರ ಎಸಳುಗಳ ಒಳಗೆ ಹುಳುಗಳಿದ್ದರೆ ಕಾಣುವುದು ಕಷ್ಟ. ದಾಸವಾಳವನ್ನು ತಿರುಗಿಸಿ ನೋಡಿ ಕೊಡವಬಹುದು. ರೆಂಜೆ ಮತ್ತು ಪಾರಿಜಾತ ತಾವಾಗಿ ಉದುರುತ್ತವೆ. ನೆಲದಿಂದ ಆಯ್ದ ಹೂ ದೇವರಿಗೆ ಸಲ್ಲದೆಂಬ ಸಾಮಾನ್ಯ ನಿಯಮಕ್ಕೆ ಪಾರಿಜಾತ ಹಿಂದಿನಿಂದಲೂ ಅಪವಾದ. ಇರುವೆ ಹತ್ತಿದೆಯೇ ಎಂದು ನೋಡಿ ಆಯ್ದರೆ ಇವುಗಳಿಗಿಂತ ನಿರಪಾಯದ ಹೂವಿಲ್ಲ.

ಬೀಜದ ವಿಷಯದಲ್ಲೂ ಇಂಥದೇ ಲೆಕ್ಕವಿದೆ. ಶ್ವೇತಾಂಬರರ 22 ಅಭಕ್ಷ್ಯಗಳಲ್ಲಿ ‘ಬಹುಬೀಜ’ ಒಂದು. ಅದಕ್ಕೆ ಕೊಡುವ ಉದಾಹರಣೆಗಳಲ್ಲಿ ಗಸಗಸೆಯೂ ಸೇರುತ್ತದೆ. ಒಂದೇ ಕಾಯಲ್ಲಿ ಸಾಸಿವೆಗಿಂತ ಸಣ್ಣ ಸಾವಿರಾರು ಬೀಜ, ಒಂದೊಂದೂ ಹುಟ್ಟಬಲ್ಲ ಜೀವ. ಗಸಗಸೆ ಪಾಯಸ ದಕ್ಷಿಣ ಕನ್ನಡದ ಅಡುಗೆಮನೆಗೆ ಪರಿಚಿತ, ಗಿಡ ಮಾತ್ರ ಇಲ್ಲಿಯ ಹಿತ್ತಿಲಿಗೆ ಬಂದಿಲ್ಲ. ಅದಕ್ಕೆ ಒಣ ಚಳಿಗಾಲ ಬೇಕು. ಅಫೀಮು ಕೊಡುವ ಜಾತಿಯಾದ್ದರಿಂದ 1985ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬೆಳೆಯುವಂತೆಯೂ ಇಲ್ಲ. ಅದರ ಹೂವಿನ ಎಸಳು ಅರಳಿದ ಒಂದೆರಡು ದಿನಕ್ಕೇ ಕಳಚುವುದರಿಂದ ಮಾಲೆಗೂ ಒದಗದು.

ಉತ್ತರ ಭಾರತದಲ್ಲಿ ಪೂಜೆಯ ಹೂವಿನ ಚರ್ಚೆ ಒಡಕಿಗೆ ಎಡೆಮಾಡಿತು. 17ನೆಯ ಶತಮಾನದಲ್ಲಿ ಆಗ್ರಾದ ಬನಾರಸೀದಾಸರ ಅಧ್ಯಾತ್ಮ ಬಳಗದ ಪ್ರಭಾವದಲ್ಲಿ ಬೆಳೆದ ದಿಗಂಬರ ತೇರಾಪಂಥ ಮಠಾಧಿಪತಿಗಳಾದ ಭಟ್ಟಾರಕರ ಅಧಿಕಾರವನ್ನೂ ಪೂಜೆಯಲ್ಲಿ ಹಸಿ ಹೂವನ್ನೂ ನಿರಾಕರಿಸಿತು. ಕೇಸರಿ ಬಣ್ಣದ ಅಕ್ಕಿಯೇ ಅವರಿಗೆ ಪುಷ್ಪ. ಭಟ್ಟಾರಕ ಪೀಠವಿರುವ ಮೂಡುಬಿದಿರೆ ಹೂವನ್ನು ಉಳಿಸಿಕೊಂಡಿತು. ತೇರಾಪಂಥದ ಸಂಕೋಚ ಗೌರವಕ್ಕೆ ಅರ್ಹವಾದದ್ದೇ. ಆದರೆ ನೋಡಿ, ಕೊಡವಿ, ಬೇಕಾದಷ್ಟೇ ಕೊಯ್ಯುವ ಕೈ ಪ್ರತಿದಿನ ಜೀವದಯೆಯನ್ನು ಅಭ್ಯಾಸ ಮಾಡುತ್ತದೆ. ಆ ಅಭ್ಯಾಸಕ್ಕೆ ಅಕ್ಕಿಯಲ್ಲಿ ಎಡೆ ಕಡಿಮೆ.

ತುಳುನಾಡಿನ ಜೈನ ಮನೆತನಗಳು ದೈವಾರಾಧನೆಯ ಹೊಣೆಯನ್ನೂ ಹೊತ್ತಿವೆ. ದೈವಕ್ಕೆ ಬೇಕಾದದ್ದು ಕೇಪಳ ಮತ್ತು ಪಿಂಗಾರ. ಪಿಂಗಾರವೆಂದರೆ ಹಾಳೆಯೊಳಗಿಂದ ಬಿಡಿಸಿದ ಅಡಿಕೆಯ ಹೂಗೊನೆ. ಅದನ್ನು ಕೊಯ್ದರೆ ಒಂದು ಗೊನೆ ಅಡಿಕೆ ಹೋದಂತೆ. ಹಾನಿ ಎಷ್ಟೆಂದು ಕೃಷಿಕನಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ಕೋಲಕ್ಕೆ ಬೇಕಾದಷ್ಟನ್ನೇ ಇಳಿಸಿ ಉಳಿದ ಹೂಗೊನೆಗಳನ್ನು ಕಾಯಾಗಲು ಮರದಲ್ಲೇ ಬಿಡುತ್ತಾನೆ.