ಮಗ್ರಿಬ್‌ನ ಹೊತ್ತಿನ ಅಡುಗೆಮನೆ

ಸಹೋದರರೇ, ಕೋಡಿಯ ಕಡಲಲ್ಲಿ ಸೂರ್ಯ ಮುಳುಗಿದೊಡನೆ ಅದಾನ್ ಮೊಳಗುತ್ತದೆ. ನೀವು ಮಸೀದಿಗೆ ಹೊರಡುತ್ತೀರಿ. ಆಗ ನಿಮ್ಮ ಪತ್ನಿ ಎಲ್ಲಿರುತ್ತಾರೆ? ರಾತ್ರಿಯೂಟಕ್ಕೆ ಕಾಯಿ ತುರಿಯುತ್ತಾ ಅಡುಗೆಮನೆಯಲ್ಲಿ. ಮಗ್ರಿಬ್‌ನ ವೇಳೆ ಕಿರಿದು. ಒಲೆಯ ಬಳಿಯಿಂದ ಏಳುವಷ್ಟರಲ್ಲಿ ಕಳೆದುಹೋಗಿರುತ್ತದೆ.

ಮಸಾಲೆಯನ್ನು ಬೆಳಿಗ್ಗೆಯೇ ಅರೆದಿಡಬಹುದು. ಹುಳಿ ಹಾಕಿದ ಮೀನು ಸಾರನ್ನು ಮಧ್ಯಾಹ್ನವೇ ಮಾಡಿಟ್ಟರೆ ರಾತ್ರಿಗೆ ರುಚಿ ಹೆಚ್ಚುತ್ತದೆ. ನಮ್ಮ ಕರಾವಳಿಯ ಸೆಕೆಗೆ ನಡುವೆ ಮತ್ತೊಮ್ಮೆ ಕುದಿಸಬೇಕು, ಅಷ್ಟೆ.

ಆದರೆ ಈ ಪೂರ್ವಸಿದ್ಧತೆಯೂ ಅವರೊಬ್ಬರ ಹೆಗಲಿಗೇ ಏಕೆ? ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದು ಬುಖಾರಿಯಲ್ಲಿದೆ. ನಾವು ಎರಡನೆಯದನ್ನಷ್ಟೇ ಸುನ್ನತ್ ಎಂದುಕೊಂಡಿದ್ದೇವೆ. ನಾಳೆ ಫಜ್ರ್ ಮುಗಿಸಿ ಬಂದು ಆ ಕಾಯಿಯನ್ನು ನೀವೇ ತುರಿದುಕೊಡಿ.