ಕಿವುಡು ಮಗುವಿನ ಪರವಾಗಿ ಆರಿಸುವ ಹೊಣೆ

ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ತೀವ್ರವಾದ ಶ್ರವಣದೋಷವಿರುವುದುಂಟು. ಇಂಥ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವರು ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿದವರು. ನೈತಿಕ ಪ್ರಶ್ನೆ ಹುಟ್ಟುವುದು ಈ ಎರಡನೆಯ ಅಂಕಿಯಿಂದ. ಕಿವುಡನಾಗಿ ಬದುಕುವುದೆಂದರೇನೆಂದು ಅರಿಯದ ಇಬ್ಬರು, ತನ್ನ ಇಷ್ಟವನ್ನು ಹೇಳಲಾರದ ಮಗುವಿನ ಪರವಾಗಿ, ಅದು ಯಾವ ಭಾಷೆಯಲ್ಲಿ ಬಾಳಬೇಕೆಂಬುದನ್ನು ನಿಶ್ಚಯಿಸಬೇಕಾಗಿದೆ. ಶಸ್ತ್ರಚಿಕಿತ್ಸೆಯೋ, ಮಾತಿನ ತರಬೇತಿಯೋ, ಸನ್ನೆಯ ಭಾಷೆಯೋ?

ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುವ ಹೊತ್ತಿಗೇ ಕಾಲ ಕಳೆದಿರುತ್ತದೆ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡುತ್ತಾರೆ, ಪಾತ್ರೆ ಬಡಿದು ನೋಡುತ್ತಾರೆ. ನೆಲದ ಅದುರಿಗೆ ಮಗು ತಿರುಗಿದರೆ ಕಿವಿ ಕೇಳಿತೆಂದು ಸಮಾಧಾನಪಡುತ್ತಾರೆ. "ಅವನ ಅಪ್ಪನಿಗೂ ಮಾತು ಬಂದದ್ದು ಮೂರು ವರ್ಷಕ್ಕೇ" ಎಂದು ಅಜ್ಜಿ ಧೈರ್ಯ ಹೇಳುತ್ತಾರೆ. ಪ್ರೀತಿಯಿಂದ ಆಡಿದ ಈ ಮಾತು ಮಾಡುವ ಹಾನಿ ಅಷ್ಟಿಷ್ಟಲ್ಲ. ನಿದ್ರಿಸುತ್ತಿರುವ ಹಸುಗೂಸಿನ ಶ್ರವಣವನ್ನೂ ಪರೀಕ್ಷಿಸುವ ಉಪಕರಣಗಳು ಇಂದು ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರವೂ ಇದೆ. ಮಿದುಳು ಶಬ್ದವನ್ನು ಅರಗಿಸಿಕೊಳ್ಳಲು ಅತ್ಯಂತ ಸಮರ್ಥವಾಗಿರುವುದು ಮೊದಲ ಮೂರೂವರೆ ವರ್ಷಗಳಲ್ಲಿ. ಭಾಷೆಗೂ ಅದೇ ವಯಸ್ಸು ಮುಖ್ಯ.

ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವನ್ನು ಕನ್ನಡಕದಂತೆ ಭಾವಿಸುವುದು ಸಾಮಾನ್ಯವಾದ ತಪ್ಪು. ಕಿವಿಯ ಹಿಂದೆ ಧರಿಸುವ ಭಾಗವು ಶಬ್ದವನ್ನು ಹಿಡಿದು ಸಂಕೇತವಾಗಿ ಮಾರ್ಪಡಿಸುತ್ತದೆ. ಚರ್ಮದ ಕೆಳಗೆ ಶಸ್ತ್ರಚಿಕಿತ್ಸೆಯಿಂದ ಇರಿಸಿದ ಭಾಗವು ಅದನ್ನು ಸ್ವೀಕರಿಸಿ, ಒಳಕಿವಿಯ ಶಂಖಾಕಾರದ ನಾಳದಲ್ಲಿ ಸೇರಿಸಿದ ತಂತಿಯ ಮೂಲಕ ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತದೆ. ಆರೋಗ್ಯವಂತ ಕಿವಿಯಲ್ಲಿ ಸುಮಾರು 3,500 ಒಳ ರೋಮಕೋಶಗಳು ಮಾಡುವ ಕೆಲಸವನ್ನು ಹನ್ನೆರಡರಿಂದ ಇಪ್ಪತ್ತೆರಡು ಎಲೆಕ್ಟ್ರೋಡುಗಳು ಮಾಡಬೇಕು. ಆದ್ದರಿಂದ ಕೇಳಿಬರುವುದು ನಾವೆಲ್ಲ ಕೇಳುವ ಧ್ವನಿಯಲ್ಲ. ಅದಕ್ಕೆ ಅರ್ಥ ಕಟ್ಟಲು ಮಗು ವರ್ಷಗಟ್ಟಲೆ ಅಭ್ಯಾಸ ಮಾಡಬೇಕು. ಅಳಿದುಳಿದ ಸಹಜ ಶ್ರವಣಶಕ್ತಿ ಶಸ್ತ್ರಚಿಕಿತ್ಸೆಯಿಂದ ನಷ್ಟವಾಗಲೂಬಹುದು. ರಾತ್ರಿ ಯಂತ್ರವನ್ನು ತೆಗೆದಿಟ್ಟಾಗ ಮಗು ಮತ್ತೆ ಕಿವುಡೇ. ಇಷ್ಟಿದ್ದರೂ ಇದರ ಫಲವನ್ನು ಕೀಳಾಗಿ ಕಾಣಲಾಗದು. ಬೇಗನೆ ಅಳವಡಿಸಿ ಒಳ್ಳೆಯ ತರಬೇತಿ ದೊರೆತಾಗ ಎಷ್ಟೋ ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಓದುತ್ತಾರೆ, ಅಜ್ಜಿಯೊಡನೆ ಮಾತನಾಡುತ್ತಾರೆ. ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲವೆಂಬುದು ಮಾತ್ರ ಶಸ್ತ್ರಚಿಕಿತ್ಸೆಗೆ ಮುಂಚೆ ತಂದೆತಾಯಿಗಳ ಕಿವಿಗೆ ಸರಿಯಾಗಿ ಬೀಳುವುದಿಲ್ಲ.

ಸನ್ನೆಯ ಭಾಷೆಯ ಕಥೆ ಬೇರೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡ ಮಕ್ಕಳ ಶಿಕ್ಷಣವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇರಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಬಾಯಿಮಾತಿನ ಬೋಧನೆಯೇ ಶ್ರೇಷ್ಠವೆಂದು ಅವರು ನಿರ್ಣಯಿಸಿದ ಮೇಲೆ ಶಾಲೆಗಳಿಂದ ಸನ್ನೆ ಹೊರಬಿತ್ತು. ಕೈಯಾಡಿಸಿದ ಮಕ್ಕಳು ಶಿಕ್ಷೆಗೆ ಗುರಿಯಾದರು. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕೊ ಅಲ್ಲಿಯ ಸನ್ನೆಗಳಿಗೆ ಭಾಷೆಯ ರಚನೆಯಿದೆಯೆಂದು ತೋರಿಸಿದರು. ಮಿಲಾನಿನ ನಿರ್ಣಯಗಳನ್ನು ಅದೇ ಸಮ್ಮೇಳನದ ಪರಂಪರೆಯವರು ತಳ್ಳಿಹಾಕಿ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ನೂರಮೂವತ್ತು ವರ್ಷಗಳೆಂದರೆ ಎಷ್ಟು ತಲೆಮಾರಿನ ಮಕ್ಕಳು! ಭಾರತೀಯ ಸಂಜ್ಞಾಭಾಷೆಗೂ ತನ್ನದೇ ವ್ಯಾಕರಣವಿದೆ. ಅದು ಹಿಂದಿಯನ್ನೋ ಕನ್ನಡವನ್ನೋ ಬೆರಳಿನಲ್ಲಿ ಬರೆಯುವುದಲ್ಲ. ಅದರ ಸಂಶೋಧನೆಗೆಂದು 2015ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪಿತವಾಯಿತು. 2018ರಲ್ಲಿ ಮೂರು ಸಾವಿರ ಪದಗಳ ನಿಘಂಟು ಹೊರಬಂದಿತು. ಕನ್ನಡದಲ್ಲಿ ಹೇಳಲಾಗದ ಅನುಭವಕ್ಕೆ 'ಮೂಗನ ಕನಸು' ಎನ್ನುವ ರೂಢಿಯಿದೆ. ಮೂಗನು ಆ ಕನಸನ್ನು ಕೈಯಿಂದ ಹೇಳಬಲ್ಲನೆಂಬುದು ಆ ಮಾತನ್ನು ರೂಢಿಗೆ ತಂದವರಿಗೆ ಹೊಳೆದಿರಲಾರದು.

ಸನ್ನೆ ಕಲಿತರೆ ಮಗು ಮಾತು ಕಲಿಯದೆಂಬ ಭಯ ಮನೆಮನೆಯಲ್ಲಿದೆ. ಸಂಶೋಧನೆ ಇಲ್ಲಿ ಒಂದೇ ದಿಕ್ಕಿಗೆ ನಡೆದಿಲ್ಲ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಮನೆಯವರು ಸನ್ನೆ ಬಳಸದಿದ್ದವರೇ ಮಾತಿನಲ್ಲಿ ಮುಂದಿದ್ದರೆಂದಿತು. ಆದರೆ 2014ರ ಅಧ್ಯಯನದಲ್ಲಿ, ಕಿವುಡ ತಂದೆತಾಯಿಗಳಿಂದ ಹುಟ್ಟಿನಿಂದಲೇ ಸನ್ನೆ ಕಲಿತು ಅನಂತರ ಇಂಪ್ಲಾಂಟ್ ಪಡೆದ ಐದು ಮಕ್ಕಳು ಇಂಗ್ಲಿಷಿನಲ್ಲಿ, ಕಿವುಡರ ಮನೆಯಲ್ಲೇ ಬೆಳೆದ ಕಿವಿ ಕೇಳುವ ಮಕ್ಕಳಿಗೆ ಸರಿಸಾಟಿಯಾಗಿದ್ದರು. ಸಂಖ್ಯೆ ಚಿಕ್ಕದು, ನಿಜ. ಆದರೂ ಸನ್ನೆ ತಾನಾಗಿಯೇ ಮಾತನ್ನು ಕೊಲ್ಲುವುದಾದರೆ ಈ ಐದು ಮಕ್ಕಳು ಇರಲೇಬಾರದಾಗಿತ್ತು. ಅವರ ಮನೆಯಲ್ಲಿ ಸನ್ನೆ ನಿರರ್ಗಳವಾಗಿ ಹರಿಯುತ್ತಿತ್ತೆಂಬುದು ಗಮನಿಸತಕ್ಕ ಭೇದ.

ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘವು 1991ರಲ್ಲಿ ಮಕ್ಕಳಿಗೆ ಇಂಪ್ಲಾಂಟ್ ಅಳವಡಿಸಲು ದೊರೆತ ಸರ್ಕಾರಿ ಒಪ್ಪಿಗೆಯನ್ನು ಖಂಡಿಸಿತು. 2000ದಲ್ಲಿ ತನ್ನ ನಿಲುವನ್ನು ಮೃದುಗೊಳಿಸಿತು. ಕಿವುಡತನ ರೋಗವಲ್ಲ, ತಾವೊಂದು ಭಾಷೆಯ ಜನವೆಂಬ ಅವರ ವಾದದಲ್ಲಿ ಘನತೆಯಿದೆ. ಆದರೆ ತನ್ನ ಮನೆಯಲ್ಲಿ, ಬೀದಿಯಲ್ಲಿ, ಬಂಧುಗಳಲ್ಲಿ ಒಬ್ಬರೂ ಸನ್ನೆ ಬಲ್ಲವರಿಲ್ಲದ ಹಳ್ಳಿಯ ತಾಯಿಗೆ, ಮಗುವಿಗೆ ಮಾತಿನ ಬಾಗಿಲನ್ನು ಮುಚ್ಚೆಂದು ಹೇಳುವ ಅಧಿಕಾರ ಆ ವಾದಕ್ಕಿಲ್ಲ. ಇಂಪ್ಲಾಂಟನ್ನು ಬೇಗನೆ ಆರಿಸಿದ ತಂದೆತಾಯಿಗಳನ್ನು ನಿಂದಿಸಲು ಕಾರಣವಿಲ್ಲ.

ನಿಂದನೀಯವಾದುದು ಬೇರೊಂದು ಕ್ರಮ: "ಮೊದಲು ಮಾತು ಕಲಿಯಲಿ, ಸೋತರೆ ಸನ್ನೆ ನೋಡೋಣ" ಎನ್ನುವುದು. ಸೋಲು ತಿಳಿಯುವಷ್ಟರಲ್ಲಿ ಮಗುವಿಗೆ ಏಳೆಂಟು ವರ್ಷ. ಹಸಿವು, ನೋವು ಎಂಬ ನಾಲ್ಕಾರು ಸಂಜ್ಞೆಗಳಲ್ಲದೆ ನಿನ್ನೆಯನ್ನು ಕೇಳಲು, ನಾಳೆಯನ್ನು ಹೇಳಲು, 'ಏಕೆ' ಎನ್ನಲು ಅದಕ್ಕೆ ಭಾಷೆಯೇ ಇಲ್ಲ. ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ಈ ಕ್ರಮದಲ್ಲಿ ದುಡಿಮೆಯೆಲ್ಲ ಮಗುವಿನದು: ತನಗೆ ಕೇಳಿಸದ ಅಕ್ಷರವನ್ನು ದಿನಕ್ಕೆ ನೂರು ಸಲ ಉಚ್ಚರಿಸಬೇಕು. ಮನೆಯ ಹಿರಿಯರು ಸಂಜೆ ಅರ್ಧ ಗಂಟೆ ಕುಳಿತು ಸನ್ನೆ ಕಲಿಯುವುದು ಕಷ್ಟವೆನ್ನುತ್ತಾರೆ. ತಾಯಂದಿರು ಮನೆ ಬಿಟ್ಟು ಮೈಸೂರಿಗೆ ಬಂದು ಮಗುವಿನೊಡನೆ ತರಗತಿಯಲ್ಲಿ ಕುಳಿತು ಕಲಿಯುವುದುಂಟು. ತಂದೆಯರು ಹಾಗೆ ಬಂದದ್ದು ವಿರಳ.

ಬಸದಿಗಳ ವಿಶ್ವಸ್ತ ಮಂಡಳಿಗಳು ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳನ್ನು ಬಲ್ಲವು. ಶಸ್ತ್ರಚಿಕಿತ್ಸೆಗೆ ನೆರವು ಕೇಳಿ ಬಂದ ಅರ್ಜಿಯನ್ನು ಅವು ಔಷಧದಾನದ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ. ಹಣ ಸಲ್ಲುತ್ತದೆ, ಅರ್ಜಿ ಮುಗಿಯುತ್ತದೆ. ಶಾಸ್ತ್ರದಾನದ ಭಾಗ ಆರಂಭವಾಗುವುದು ಆಮೇಲೆ. ವಾರಕ್ಕೆರಡು ಸಲ ತರಬೇತಿಗೆ ಹೋಗುವ ಬಸ್ಸಿನ ಖರ್ಚು, ಬ್ಯಾಟರಿ, ವರ್ಷಗಳ ನಂತರ ಸವೆದುಹೋಗುವ ಹೊರಭಾಗದ ಯಂತ್ರ, ಊರಿನ ನಾಲ್ಕು ಕುಟುಂಬಗಳನ್ನು ಕೂಡಿಸಿ ಸನ್ನೆ ಕಲಿಸಬಲ್ಲ ಒಬ್ಬ ಕಿವುಡ ಅಧ್ಯಾಪಕ, ಇವು ಯಾವ ಅರ್ಜಿಯಲ್ಲಿಯೂ ಇರುವುದಿಲ್ಲ. ಯಂತ್ರದ ತಂತಿ ಮುರಿದು ಹೊಸದು ಬರಲು ತಿಂಗಳಾದಾಗ, ಸನ್ನೆಯೂ ಕಲಿತ ಮಗು ಊಟದ ಹೊತ್ತಿಗೆ ಶಾಲೆಯ ಸುದ್ದಿಯನ್ನು ತಾಯಿಗೆ ಹೇಳುತ್ತಲೇ ಇರುತ್ತದೆ. ಸನ್ನೆ ಕಲಿಸದ ಮನೆಯಲ್ಲಿ ಆ ತಿಂಗಳೆಲ್ಲ ಮಗು ತಟ್ಟೆ ನೋಡುತ್ತ ಉಣ್ಣುತ್ತದೆ.