ಹೊಸ್ತಿಲಲ್ಲಿ ನಿಂತ ಪಾದ



ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ದೇವಾಲಯದ ಮೆಟ್ಟಿಲುಗಳನ್ನು ಸರಾಗವಾಗಿ ಹತ್ತಿ ಬರುತ್ತಾರೆ. ಬಾಗಿಲ ಬಳಿ ಮಾತ್ರ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಹಿಂದಿನವರು ಗೊಣಗುತ್ತಾರೆ, ಮಗ ಕೈಹಿಡಿದು ಎಳೆಯುತ್ತಾನೆ. ಮೆಟ್ಟಿಲು ಹತ್ತುವವರಿಗೆ ಸಮನೆಲದಲ್ಲಿ ನಡೆಯಲು ಬಾರದೇ ಎಂದು ಮನೆಯವರಿಗೆ ಅನುಮಾನ. ನಿಜ ಹೇಳಬೇಕೆಂದರೆ, ಬಲಿಪೀಠದ ಬಳಿ ನಿಂತು ನೋಡುತ್ತಿದ್ದ ನನಗೂ ಹಾಗೆಯೇ ಅನಿಸಿತ್ತು.

ಅದು ನಾಟಕವಲ್ಲ, ಪಾರ್ಕಿನ್ಸನ್ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಾಶವಾಗುತ್ತವೆ. ನಾವು ಯೋಚಿಸದೆ ಇಡುವ ಹೆಜ್ಜೆ ಇವರಿಗೆ ತಾನಾಗಿ ಬಾರದು. ಇಕ್ಕಟ್ಟಾದ ಬಾಗಿಲು, ತಿರುವು, ಜನಜಂಗುಳಿ, ಅವಸರ ಇವೆಲ್ಲ ಕಾಲನ್ನು ಕಟ್ಟಿಹಾಕುತ್ತವೆ. ಆದರೆ ದಾಟಲು ಕಣ್ಣೆದುರು ಒಂದು ಗೆರೆ ಸಿಕ್ಕರೆ ಎಷ್ಟೋ ಸಲ ಕಾಲು ಏಳುತ್ತದೆ. ಮೆಟ್ಟಿಲಿನ ಅಂಚು ಮಾಡುವ ಉಪಕಾರ ಅದೇ.

ಈ ಗುಟ್ಟನ್ನು ಹಿಡಿದು ನೆದರ್ಲೆಂಡ್ಸಿನ ಸಂಶೋಧಕರು ಪಾದರಕ್ಷೆಗೆ ಲೇಸರ್ ದೀಪ ಜೋಡಿಸಿದರು. ಎಡಗಾಲು ನೆಲಕ್ಕೂರಿದಾಗ ಅದರ ದೀಪ ಬಲಗಾಲಿನ ಮುಂದೆ ಗೆರೆ ಎಳೆಯುತ್ತದೆ; ಬಲಗಾಲು ಊರಿದರೆ ಎಡಗಾಲಿಗೆ. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಔಷಧದ ಪ್ರಭಾವ ಇಲ್ಲದ ಹೊತ್ತಿನಲ್ಲಿ, 19 ರೋಗಿಗಳಲ್ಲಿ ಕಾಲು ಕಟ್ಟುವುದು ಸುಮಾರು ಅರ್ಧಕ್ಕೆ ಇಳಿಯಿತು. ಮಣಿಕಟ್ಟಿಗೋ ಕಾಲಿಗೋ ಕಟ್ಟಿಕೊಂಡರೆ ಮೆಲ್ಲನೆ ಮಿಡಿದು ತಾಳ ಕೊಡುವ ಸಾಧನಗಳೂ ಇವೆ. ಎಲ್ಲರಿಗೂ ಇವು ಒಗ್ಗವು. ರೋಗ ಗುಣವಾಗುವುದಂತೂ ಇಲ್ಲ. ವೈದ್ಯರನ್ನು ಕೇಳದೆ ಕೊಳ್ಳಬೇಡಿ.

1986ರ ಫೆಬ್ರವರಿ 6ರಂದು ಮಂಗಳೂರಿಗೆ ಬಂದ ಪೋಪ್ ಎರಡನೇ ಜಾನ್ ಪಾಲರನ್ನು ಕಂಡವರು ನಮ್ಮಲ್ಲಿದ್ದಾರೆ. ಬೆಟ್ಟ ಹತ್ತುತ್ತಿದ್ದ ಆ ಕಾಲುಗಳು ಇದೇ ಕಾಯಿಲೆಯೂ ಕೀಲುನೋವೂ ಸೇರಿ ಸೋತವು. 2005ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರನ್ನು ಚಕ್ರದ ಪೀಠದಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಯೌವನದಲ್ಲಿ ಇಷ್ಟಬಂದಲ್ಲಿ ನಡೆದವನು ಮುಪ್ಪಿನಲ್ಲಿ ಕೈಚಾಚುತ್ತಾನೆ, ಬೇರೊಬ್ಬನು ಕರೆದೊಯ್ಯುತ್ತಾನೆ ಎಂದು ಯೇಸುಸ್ವಾಮಿ ಸರೋವರದ ದಡದಲ್ಲಿ ಪೇತ್ರನಿಗೆ ಹೇಳಿದರಲ್ಲವೇ? ಅದು ಪೇತ್ರನ ಮರಣದ ಸೂಚನೆ, ನಿಜ. ಆದರೂ ಓದಿದಾಗಲೆಲ್ಲ ನನಗೆ ಕರೆದೊಯ್ಯುವವನ ಚಿಂತೆ. ಅವನು ಎಳೆಯುತ್ತಾನೋ, ಜೊತೆಗೆ ನಡೆಯುತ್ತಾನೋ?

ಎಳೆದರೆ ಮೈ ಮುಂದೆ ಹೋಗಿ ಪಾದ ಹಿಂದೆ ಉಳಿಯುತ್ತದೆ, ಬೀಳುತ್ತಾರೆ. ಪಕ್ಕದಲ್ಲಿ ನಿಲ್ಲಿ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವಾಲಿಸಲು ಹೇಳಿ, ಹೆಜ್ಜೆ ಎಣಿಸಿ.

ನಮ್ಮ ಹಿರಿಯರಲ್ಲಿ ಲೇಸರ್ ಪಾದರಕ್ಷೆ ಇಲ್ಲ. ಬಾಗಿಲಲ್ಲಿ ಬಿಳಿ ಟೇಪಿನ ನಾಲ್ಕು ಗೆರೆ ಅಂಟಿಸಿದ್ದೇವೆ. ಕಳೆದ ಭಾನುವಾರ ಮಗ ಕೈ ಎಳೆಯಲಿಲ್ಲ. "ಒಂದು, ಎರಡು" ಎಂದ. ಹಿಂದಿನ ಸಾಲು ಕಾಯಿತು.